ನೆಮ್ಮದಿ ಎಣ್ಣೆಯ ಅಧಿಕೃತ ಪರೀಕ್ಷೆ

ನೆಮ್ಮದಿಯು ಸಾರ್ವಜನಿಕ ಸ್ವತ್ತಾಗಿದ್ದು, ಅದನ್ನು ಯಾರೂ ಪೂರ್ವಾನುಮತಿಯಿಲ್ಲದೆ ಮನೆಯಲ್ಲಿ ತಯಾರಿಸತಕ್ಕದ್ದಲ್ಲ. ನಮ್ಮ ನೆಮ್ಮದಿ ನಿಯಂತ್ರಣ ಕಚೇರಿ ನಿಂತಿರುವುದೇ ಈ ನಿಯಮದ ಮೇಲೆ. ಕಟ್ಟಡ ಯಾವುದರ ಮೇಲೆ ನಿಂತಿದೆ ಎಂಬುದನ್ನು ಕಟ್ಟಿದ ಕಂಟ್ರಾಕ್ಟರನೂ ಹೇಳಲಾರ.

ನಮ್ಮಲ್ಲಿಗೆ ನಿತ್ಯ ಬೆಳಿಗ್ಗೆ ಬಂದು ದೂರು ಕೊಡುವ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ರಾತ್ರಿ ನಿದ್ದೆ ಬರುವುದಿಲ್ಲ ಎಂಬುದು ಅವರ ದೂರು. ಇದ್ದಕ್ಕಿದ್ದಂತೆ ಅವರ ಸುಳಿವೇ ಇಲ್ಲ. ದೂರುದಾರರೆಲ್ಲ ಹೀಗೆ ಕೈಕೊಟ್ಟರೆ ಕಚೇರಿಯ ಗತಿಯೇನು? ಇನ್‌ಸ್ಪೆಕ್ಟರರು ಗುಮಾಸ್ತನಾದ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದರು. ಮೇಷ್ಟ್ರು ಹಾಡುಹಗಲಲ್ಲಿ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ ವಿಚಾರಿಸಿದಾಗ, ಪಕ್ಕದ ಮನೆಯ ಹೊಲಿಗೆಯಮ್ಮ ಅಂಗಾಲಿಗೆ ಹಚ್ಚಿಕೊಳ್ಳಲು ಒಂದಿಷ್ಟು ಎಣ್ಣೆ ಕೊಟ್ಟರೆಂದು ಯಾವ ನಾಚಿಕೆಯೂ ಇಲ್ಲದೆ ಒಪ್ಪಿಕೊಂಡರು.

ಹೊಲಿಗೆಯಮ್ಮನ ಅಡುಗೆಮನೆಯ ಕಿಟಕಿಯಲ್ಲಿ ಗಾಜಿನ ಭರಣಿಯೊಂದು ರಾಜಾರೋಷವಾಗಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು.

"ಏನಮ್ಮಾ ಇದು?" ಎಂದರು ಇನ್‌ಸ್ಪೆಕ್ಟರರು.

"ಎಳ್ಳೆಣ್ಣೆ ಸಾರ್. ಪುದೀನ, ದವನ, ಚೆಂಡುಹೂವಿನ ಎಸಳು ಹಾಕಿದೀನಿ. ನೆರಳಲ್ಲಿ ಗರಿಗರಿಯಾಗಿ ಒಣಗಿಸಿಯೇ ಹಾಕ್ಬೇಕು, ಸ್ವಲ್ಪ ನೀರಿನಂಶ ಇದ್ರೂ ಬೂಸ್ಟು ಬಂದ್ಬಿಡುತ್ತೆ. ದಿನಾ ಅಲ್ಲಾಡಿಸ್ತಾ ಇದ್ದು, ಕೊನೇಲಿ ತೆಳು ಬಟ್ಟೇಲಿ ಸೋಸೋದು, ಅಷ್ಟೆ."

"ಯಾರಿಗೋಸ್ಕರ?"

"ನನ್ನ ಸೊಸೆಗೆ. ಹೋದ ಸಲ ಮಾಡಿದ್ದು ಮೇಷ್ಟ್ರಿಗೇ ಆಗೋಯ್ತು. ಲಾಂಡ್ರಿಲಿ ಬಟ್ಟೆ ಒಗೆಯೋ ಕೆಲಸ ಅವಳದು. ಸೋಡಾ ನೀರಲ್ಲಿ ಕೈ ಅದ್ದಿ ಅದ್ದಿ ಬಿರುಕು ಬಿಟ್ಟಿದೆ. ತಲೆ ಬಾಚ್ಕೊಳ್ಳೋಕೂ ಆಗಲ್ಲ ಪಾಪ, ನಾನೇ ಬಾಚ್ತೀನಿ."

ಬಾಗಿಲಲ್ಲಿ ನಿಂತಿದ್ದ ಸೊಸೆ ಕೈಗಳನ್ನು ತೋರಿಸಿದಳು. ನನಗೆ ನಿಜಕ್ಕೂ ಸಂಕಟವಾಯಿತು. ಆದರೆ ಸಂಕಟಕ್ಕೆ ಬೇರೆ ವಿಭಾಗವಿದೆ, ಅದು ಮೇಲಿನ ಮಹಡಿಯಲ್ಲಿದೆ.

"ಪರೀಕ್ಷೆ ಮುಗಿದ ತಕ್ಷಣ ವಾಪಸ್ ಕೊಡ್ತೀವಿ, ನಿಶ್ಚಿಂತೆಯಾಗಿರಿ" ಎಂದು ಭರಣಿ ಎತ್ತಿಕೊಂಡ ಇನ್‌ಸ್ಪೆಕ್ಟರರು, ಹಾಗೆ ಹೇಳುವುದು ನಿಯಮಬಾಹಿರವೆಂದು ನೆನಪಾಗಿ, "ಅಂದ್ರೆ, ಅನುಮತಿ ಸಿಗೋವರೆಗೂ ಸ್ವಲ್ಪ ಚಿಂತೆ ಮಾಡ್ತಾ ಇರಿ" ಎಂದು ತಿದ್ದಿಕೊಂಡರು.

ಸಂಜೆಯೊಳಗೆ ಕಚೇರಿಯ ಸೂಚನಾ ಫಲಕದಲ್ಲಿ ನಮ್ಮ ಸಾಹೇಬರ ಪ್ರಕಟಣೆ ಬಿತ್ತು:

"ಸದರಿ ದ್ರವವು ನೆಮ್ಮದಿ ನೀಡುತ್ತದೆಂಬ ಆರೋಪದ ಸತ್ಯಾಸತ್ಯತೆ ತಿಳಿಯಲು, ಸಿಬ್ಬಂದಿಯು ಹಿರಿತನದ ಪ್ರಕಾರ ಅದನ್ನು ಲೇಪಿಸಿಕೊಂಡು ಕಚೇರಿ ವೇಳೆಯಲ್ಲಿ ಮಲಗತಕ್ಕದ್ದು. ನಿದ್ದೆ ಬಾರದವರು ಲಿಖಿತ ಕಾರಣ ನೀಡತಕ್ಕದ್ದು."

ಹಿರಿತನದ ಪ್ರಕಾರ ಸಾಹೇಬರಿಗೆ ನೆತ್ತಿಯಿಂದ ಅಂಗಾಲಿನವರೆಗೆ, ಇನ್‌ಸ್ಪೆಕ್ಟರರಿಗೆ ಕುತ್ತಿಗೆ ಮತ್ತು ಮಂಡಿ, ನನಗೆ ಎಡ ಮೊಣಕೈ ಮಂಜೂರಾಯಿತು. ತುರ್ತು ಬಾಬ್ತಿನಲ್ಲಿ ದಿಂಬುಗಳು ಬಂದವು. ಕೆಲಸಕ್ಕಾಗಿ ಬಂದ ಜನ ನಾವೆಲ್ಲ ಮಲಗಿದ್ದನ್ನು ನೋಡಿ, ಕಚೇರಿ ಎಂದಿನಂತೆ ನಡೆಯುತ್ತಿದೆಯೆಂದು ಬೆಂಚಿನ ಮೇಲೆ ಕೂತು ಕಾಯ್ದರು. ಇತ್ತ ಎಣ್ಣೆ ಮುಗಿದುಹೋಗಿ, ಮೇಷ್ಟ್ರು ಕಣ್ಣು ಕೆಂಪಗೆ ಮಾಡಿಕೊಂಡು ದೂರಿನೊಂದಿಗೆ ಹಾಜರಾದರು. ನಾವು ಅವರಿಗೆ ಕುರ್ಚಿ ಹಾಕಿ, ಮತ್ತೆ ಮಲಗಿದೆವು.

ದಿಂಬಿನ ಕವರುಗಳು ಎಣ್ಣೆ ಕುಡಿದು ಜಿಡ್ಡಾದಾಗ ಲಾಂಡ್ರಿಗೆ ಕಳಿಸಿದೆವು. ಸೊಸೆ ಕೆಲಸ ಮಾಡುತ್ತಿದ್ದುದು ಅದೇ ಲಾಂಡ್ರಿ. ಎಣ್ಣೆಯ ಕಲೆ ಹೋಗಲು ಕುದಿನೀರು ಬೇಕು, ಸೋಡಾ ದುಪ್ಪಟ್ಟು ಬೇಕು ಎಂದು ಲಾಂಡ್ರಿಯವನು ಗೊಣಗಿದನಂತೆ.

ಹೊಲಿಗೆಯಮ್ಮ ವಿಚಾರಿಸಲು ಬಂದರು. ಸಾಹೇಬರು ಆಕಳಿಸುತ್ತ, "ಫಲಿತಾಂಶ ಆಶಾದಾಯಕವಾಗಿದೆ ಕಣಮ್ಮ. ಆದ್ರೆ ಭರಣಿ ಖಾಲಿ. ಪರೀಕ್ಷೆ ಅರ್ಧಕ್ಕೆ ನಿಲ್ಲಿಸೋಕಾಗಲ್ಲ, ಇನ್ನೊಂದು ಭರಣಿ ತನ್ನಿ" ಎಂದರು. ಆಕೆ ತಂದರು. ಅದೂ ಮುಗಿಯಿತು, ಮತ್ತೊಂದು ತಂದರು.

ಕೊನೆಗೆ ಫಲಾನುಭವಿಯ ಕೈಗಳನ್ನು ಖುದ್ದು ಪರಿಶೀಲಿಸಬೇಕೆಂದು ಅತ್ತೆ ಸೊಸೆ ಇಬ್ಬರನ್ನೂ ಕರೆಸಲಾಯಿತು. ಬಿರುಕುಗಳು ಮೊದಲಿಗಿಂತ ಆಳವಾಗಿದ್ದವು.

"ಯಾವಾಗಿಂದ ಹೀಗೆ ಜಾಸ್ತಿಯಾಯ್ತಮ್ಮ?" ಸಾಹೇಬರು ಕೇಳಿದರು.

"ನಿಮ್ಮ ದಿಂಬಿನ ಕವರು ಒಗೆಯೋಕೆ ಶುರುಮಾಡಿದಾಗಿಂದ ಸಾರ್. ಎಣ್ಣೆ ಜಿಡ್ಡು ಏನು ಮಾಡಿದ್ರೂ ಬಿಡಲ್ಲ."

"ಅಂದ್ರೆ, ಎಣ್ಣೆಯಿಂದ."

"ಅಯ್ಯೋ, ನಾನಿನ್ನೂ ಎಣ್ಣೆ ಹಚ್ಕೊಂಡೇ ಇಲ್ಲ ಸಾರ್!"

"ಹಚ್ಕೊಳ್ಳದೇ ಇಷ್ಟಾಗಿದೆ, ಹಚ್ಕೊಂಡಿದ್ರೆ ಏನು ಗತಿ? ಬರ್ಕೊಳ್ರಿ."

ನಾನು ಬರೆದುಕೊಂಡೆ. ನನ್ನ ಅಕ್ಷರ ದುಂಡಗಿದೆಯೆಂದು ಎಲ್ಲರೂ ಹೊಗಳುತ್ತಾರೆ.

ಆದೇಶ ಹೊರಬಿತ್ತು. ಸದರಿ ಎಣ್ಣೆಯು ಅಧಿಕಾರಿಗಳಿಗೆ ಹಿತಕರವೂ ಬಟ್ಟೆ ಒಗೆಯುವವರ ಕೈಗೆ ಹಾನಿಕರವೂ ಆಗಿರುವುದರಿಂದ, ತಯಾರಕರ ಮನೆಯಲ್ಲಿ ಅದರ ಬಳಕೆಯನ್ನು ನಿಷೇಧಿಸಲಾಗಿದ್ದು, ಪೂರ್ತಿ ಉತ್ಪನ್ನವನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಕಚೇರಿಗೆ ಒಪ್ಪಿಸತಕ್ಕದ್ದು. ಇನ್‌ಸ್ಪೆಕ್ಟರರು ಹೊಲಿಗೆಯಮ್ಮನನ್ನು ಅಭಿನಂದಿಸಿದರು. ಇಷ್ಟು ಬೇಗ ಆದೇಶ ಪಡೆದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಹೊಲಿಗೆಯಮ್ಮ ಹಿಂಜರಿಯುತ್ತ ಕೇಳಿದರು: "ಸಾರ್, ಸೋಸಿದ ಬಟ್ಟೆ ಹಿಂಡಿದ್ರೆ ಒಂದೆರಡು ಹನಿ ಬರುತ್ತೆ. ಅದನ್ನಾದ್ರೂ ಇವಳಿಗೆ ಹಚ್ಚಲಾ?"

ಸಾಹೇಬರು ಮೃದು ಹೃದಯದವರು. "ಹಚ್ಚಿ, ಪರವಾಗಿಲ್ಲ. ಆದ್ರೆ ಅದ್ರಿಂದ ನೆಮ್ಮದಿ ಆಗಕೂಡದು. ಆಗಲ್ಲ ಅಂತ ಬರೆದುಕೊಡಬೇಕು."

ಹೊಲಿಗೆಯಮ್ಮ ಸೊಸೆಯ ಮುಖ ನೋಡಿದರು. "ಆಗಲ್ಲ ಬಿಡಿ ಸಾರ್" ಎಂದಳು ಸೊಸೆ. ಬೆರಳು ಮಡಚಲಾಗದೆ ಪೆನ್ನು ಜಾರಿದ್ದರಿಂದ ನಾನೇ ಬರೆದೆ, ಅವಳು ಹೆಬ್ಬೆಟ್ಟು ಒತ್ತಿದಳು. ಶಾಯಿಗೆ ಅದ್ದುವ ಮೊದಲೇ ಒತ್ತಿದ್ದರೂ ಗುರುತು ಕೆಂಪಗೆ ಮೂಡಿತು. ನಮ್ಮಲ್ಲಿ ಕೆಂಪು ಶಾಯಿ ಸಾಹೇಬರಿಗೆ ಮಾತ್ರ ಮೀಸಲು. ಆದರೂ ಮಾನವೀಯತೆಯ ದೃಷ್ಟಿಯಿಂದ ನಾವು ಯಾರೂ ಆಕ್ಷೇಪಿಸಲಿಲ್ಲ. ಇಬ್ಬರೂ ನಮಗೆ ಕೈಮುಗಿದು, ಆ ದಿನದ ದಿಂಬಿನ ಕವರುಗಳ ಗಂಟನ್ನು ಎತ್ತಿಕೊಂಡು ಹೊರಟರು.