ಜೋಡಿ ಗೀಟು

೨೦೦೪ರಲ್ಲಿ ನಂಜನಗೂಡಿನಲ್ಲಿ ವಂಶವಾಹಿ ಸಲಹಾ ಕೇಂದ್ರ ಉದ್ಘಾಟನೆಯಾಯಿತು. ರಕ್ತಸಂಬಂಧದಲ್ಲಿ ಮದುವೆಯಾಗೋರಿಗೆ, ಹುಟ್ಟೋ ಮಕ್ಕಳಿಗಿರೋ ಅಪಾಯ ತಿಳಿಸೋದು ಅದರ ಘನ ಉದ್ದೇಶ. ಎಮ್ಮೆಸ್ಸಿ ಓದಿದ್ದ ಶಿವರಂಜನಿಯನ್ನ ತಾತ್ಕಾಲಿಕವಾಗಿ ನೇಮಿಸಲಾಯಿತು. ಜನ ಬಂದ್ರೆ ಕೆಲಸ ಕಾಯಂ, ಬರದಿದ್ರೆ ಮಾರ್ಚಿಗೆ ಮನೆ.

ಜನ ಬರಲಿಲ್ಲ. ಆಡು ಮಾತ್ರ ಬಂದು ಗೋಡೆಯ ಪೋಸ್ಟರ್ ತಿಂದುಕೊಂಡು ಹೋಯಿತು.

ಕೊನೆಗೆ ಕವಲಂದೆ ಚನ್ನಬಸಮ್ಮ ಬಂದಳು. ಡಿಗ್ರಿ ಮುಗಿಸಿದ ಮಗಳು ಶ್ವೇತನ್ನ ತನ್ನ ತಮ್ಮ ಶಿವರಾಜುಗೇ ಕೊಡೋದು ಅಂತ ಆಗಲೇ ನಿಶ್ಚಯ. ಶಿವರಂಜನಿ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆದು ವಂಶಾವಳಿ ಎಳೆದಳು. ಹೊರಗಿನ ಮದುವೆಗೆ ಒಂದು ಗೀಟು. ಒಳಗಿನದಕ್ಕೆ, ಎಚ್ಚರಿಕೆಗೆ, ಎರಡು.

"ಒರಗಿನ್ ಗಂಡು ತಂದ್ರೆ ಅವ್ರ ಮನೇಲಿ ಯಾವ್ ಕಾಯ್ಲೆ ಅದೆಯೋ! ನಮ್ ಕಾಯ್ಲೆಯಾದ್ರೆ ನಮ್ಗೆ ಗುರ್ತದೆ ಕಣವ್ವ," ಅಂದ ಚನ್ನಬಸಮ್ಮ ಹಾಳೆ ನೋಡಿ ಕಣ್ಣರಳಿಸಿದಳು. "ಜೋಡಿ ಗೀಟು! ಗಟ್ಟಿ ಸಂಬಂಧ ಅಂತ ಸರ್ಕಾರ್‍ದೋರೇ ಬರ್ಕೊಟ್ರಲ್ಲ!"

"ಅಮ್ಮಾ, ಅದು ಅಪಾಯದ ಗುರುತು."

"ಅಪಾಯ ಇಲ್ದಿರೋ ಮದ್ವೆ ಯಾವ್ದವ್ವ ಅದೆ?"

ಶ್ವೇತ ಮೆಲ್ಲಗೆ, "ಮೇಡಂ, ಅಮ್ಮಂಗೆ ಇನ್ನೊಂದ್ಸಲ ಹೇಳಿ," ಅಂದಳು. ಹೇಳಲಾಯಿತು. ಹಾಳೆ ಲಗ್ನಪತ್ರಿಕೆಯಲ್ಲಿ ಬಸವಣ್ಣನ ಚಿತ್ರದ ಕೆಳಗೇ ಅಚ್ಚಾಯಿತು.

ಆಮೇಲೆ ಕೇಂದ್ರದ ಮುಂದೆ ಕ್ಯೂ. ಹೆಮ್ಮಿಗೆ ಸಿದ್ದಮಲ್ಲಪ್ಪ, ಮೊಮ್ಮಕ್ಕಳು ಕಂಡವನು, ಹೆಂಡತಿ ಸಮೇತ ಬಂದು ಜಗಳ ತೆಗೆದ: "ನಮ್ಗ್ಯಾಕ್ ಮೇಡಮ್ಮೋರೇ ಒಂದೇ ಗೀಟು? ನಾವೇನ್ ಓಡೋಗಿ ಮದ್ವೆಯಾದೋರಾ?"

ಮೇಲಧಿಕಾರಿ ಶಂಕರನಾರಾಯಣರು ಪ್ರಕಟಣೆ ಹೊರಡಿಸಿದರು: "ಒಂಟಿ ಗೀಟಿನ ದಂಪತಿಗಳು ಸದರಿ ಲೋಪವನ್ನು ಮುಂದಿನ ಪೀಳಿಗೆಯಲ್ಲಿ ಸರಿಪಡಿಸಿಕೊಳ್ಳತಕ್ಕದ್ದು."

"ಸಾರ್, ಜನ ಬಂದ್ರು. ನನ್ನ ಕೆಲ್ಸ ಕಾಯಂ ಅಲ್ವಾ?"

"ಒಂದೇ ಕೊರತೆ ಕಣಮ್ಮ. ಸಲಹೆ ಕೊಡೋರಿಗೆ ಕ್ಷೇತ್ರಾನುಭವ ಕಡ್ಡಾಯ. ನಿಮ್ಮನೇಲಿ ಒಂದೂ ಜೋಡಿ ಗೀಟಿಲ್ಲ. ಸೋದರಮಾವ ಯಾರಾದ್ರೂ ಇದಾರಾ?"

ಇದ್ದ. ಮದನ್. ನರಸೀಪುರದಲ್ಲಿ ಮೊಬೈಲ್ ಅಂಗಡಿ. ಆಗಲೇ ಫೆಬ್ರವರಿ.

ಒಳಗೇ ಮದುವೆಯಾಗೋರು ಮೊದಲು ಸಲಹೆ ಕೇಳಿ ಸಹಿ ಹಾಕಬೇಕೆಂಬ ಕೇಂದ್ರದ ನಿಯಮ ಮುರಿಯುವಂತಿಲ್ಲ. ಶಿವರಂಜನಿ ಎದುರಿನ ಖಾಲಿ ಕುರ್ಚಿಗೆ ಅಪಾಯಗಳನ್ನೆಲ್ಲ ವಿವರಿಸಿದಳು. ಎದ್ದು ಹೋಗಿ ಅದೇ ಕುರ್ಚಿಯಲ್ಲಿ ಕೂತು, ಎಲ್ಲ ಕೇಳಿಸಿಕೊಂಡಿದ್ದೇನೆ ಅಂತ ಸಹಿ ಹಾಕಿದಳು. ವಾಪಸ್ ಬಂದು ಎರಡು ಗೀಟೆಳೆದಳು.

ಛತ್ರದಲ್ಲಿ ಚನ್ನಬಸಮ್ಮ ಪತ್ರಿಕೆ ತಿರುಗಿಸಿ ನೋಡಿ, "ಎರಡ್ನೇದು ವಸಿ ಸೊಟ್ಗದೆ. ಬುಡು, ಕೆಲ್ಸ ಕಾಯಮಾಯ್ತಲ್ಲ," ಅಂತ ಅಕ್ಷತೆ ಹಾಕಿದಳು.

ಹಿಂದೆ ನಿಂತಿದ್ದ ಶ್ವೇತ ಬಗ್ಗಿ ಕೇಳಿದಳು: "ಮೇಡಂ, ನೀವ್ ಹೇಳಿದ್ದು ನಿಮಗೆ ಅರ್ಥ ಆಯ್ತಾ?"

"ಸಹಿ ಹಾಕಿದೀನಲ್ಲ," ಅಂದಳು ಶಿವರಂಜನಿ.