ಚೀಟಿ ಕಟ್ಟಿದ ಇಪ್ಪತ್ತು ತೆನೆ

ಪರದೇಶದ ಹಣದಲ್ಲಿ ನಮ್ಮ ಸಣ್ಣ ರೈತರ ಹೊಲಗಳಲ್ಲಿ ಹೊಸ ಜೋಳ ಬೆಳೆದು ಪರೀಕ್ಷಿಸುವುದು ನನ್ನ ನೌಕರಿ. ಸಿಂಧನೂರಿನಿಂದ ಬೈಕ್ ಹತ್ತಿ ಪಾಮನಕಲ್ಲೂರಿನ ಕಡೆ ಹೋದ ದಿನ ಏನಾದರೊಂದು ಆಗದೆ ವಾಪಸು ಬಂದದ್ದೇ ಇಲ್ಲ. ಈಗೀಗ ನನಗೂ ಹೊರಡುವಾಗಲೇ ಕುತೂಹಲ, ಇವತ್ತೇನು ಕಾದಿದೆಯೋ ಎಂದು.

೧. ಯಜಮಾನ ಯಾರು?

ಪರದೇಶದಿಂದ ಬಂದ ಫಾರಂನಲ್ಲಿ ಒಂದು ಪ್ರಶ್ನೆ: ಏನು ಬಿತ್ತಬೇಕೆಂದು ಮನೆಯಲ್ಲಿ ಯಾರು ನಿರ್ಧರಿಸುತ್ತಾರೆ? ನಮಗೆ ಹೊಲ ಕೊಟ್ಟ ರೈತನನ್ನು ಕೇಳಿದೆ.

"ನಾನ ರೀ, ಮತ್ಯಾರು?" ಎಂದು ಮೀಸೆ ತಿರುವಿದ. ನಾನು ಪೆನ್ನು ಊರುವುದರೊಳಗೆ ಅಡುಗೆಮನೆಯತ್ತ ತಿರುಗಿ, "ಏ, ನಾನ ಅಂತ ಬರಸ್ಲೇನು?" ಎಂದ.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಹ್ಞೂಂ, ಬರಸು" ಎಂದು ಒಳಗಿನಿಂದ ಅಪ್ಪಣೆಯಾಯಿತು.

೨. ಅಳಿಯನಿಗೂ ಇಲ್ಲ

ಅದೇ ರೈತನ ಹೊಲದಲ್ಲಿ ಹೊಸ ಜೋಳದ ಇಪ್ಪತ್ತು ತೆನೆಗಳಿಗೆ ನಂಬರಿನ ಚೀಟಿ ಕಟ್ಟಿದೆ. ಬಲಿತ ಮೇಲೆ ಅವುಗಳ ಕಾಳು ತೂಗಬೇಕು. ಆ ತೂಕದ ಮೇಲೆಯೇ ಮುಂದಿನ ವರ್ಷದ ಹಣ, ನನ್ನ ನೌಕರಿ ಎರಡೂ. ಅಷ್ಟೆಲ್ಲ ಬಿಡಿಸಿ ಹೇಳುವ ವ್ಯವಧಾನ ನನಗೆಲ್ಲಿ? "ದೊಡ್ಡ ಸಾಹೇಬ್ರು ಬರೋತನಕ ಇವನ್ನ ಯಾರೂ ಮುಟ್ಟಬಾರದು" ಎಂದಷ್ಟೇ ಹೇಳಿದೆ.

ಗಂಡ ಹೆಂಡತಿ ಪಾಳಿ ಹಚ್ಚಿ, ಕವಣೆ ಬೀಸಿ ಹಕ್ಕಿ ಕಾದರು. ವಾರ ಬಿಟ್ಟು ಹೋದಾಗ ಆಕೆಗೆ ಹೆಮ್ಮೆಯೋ ಹೆಮ್ಮೆ. "ಲಿಂಗಸುಗೂರಿಂದ ಅಳಿಯ ಬಂದಿದ್ದ್ರೀ. ಆ ದಪ್ಪ ತೆನಿ ಸುಟ್ಟು ಸೀತನಿ ಮಾಡಿಕೊಡು ಅಂದ. ಚೀಟಿ ಕಟ್ಟಿದ್ದು ಮುಟ್ಟಗೊಡಲಿಲ್ಲ. ಸಿಟ್ಟಾಗಿ ಹೋಗ್ಯಾನ!"

೩. ತೂಕ

ಕಾಳು ಬಲಿಯುವ ಮೊದಲೇ, ಹಣ ಕೊಡುವ ಆ ಪರದೇಶದ ದೊಡ್ಡ ಸಾಹೇಬರು ಬಂದೇಬಿಟ್ಟರು. ಹೊಲದಲ್ಲಿ ಆಗಲೇ ಹೊಗೆ ಏಳುತ್ತಿತ್ತು. ಕಂಬಳಿ ಹಾಸಿ ಕೂರಿಸಿ ಬಿಸಿಬಿಸಿ ಸೀತನಿ, ಶೇಂಗಾ ಚಟ್ನಿಪುಡಿ, ಬೆಲ್ಲ ಕೊಟ್ಟರು. ಸಾಹೇಬರು ಮೂರು ಸಲ ಕೈಯೊಡ್ಡಿದರು. ನಾನೂ ಹಿಂದೆ ಬೀಳಲಿಲ್ಲ. ಆಮೇಲೆ ಅವರು, "ಎಲ್ಲಿ, ಆ ಇಪ್ಪತ್ತು ತೆನೆ ತೋರಿಸಿ" ಎಂದರು.

ಹೋಗಿ ನೋಡಿದರೆ ಬರೀ ಬೋಳು ದಂಟು. ರೈತ ಅಂಗಿಯ ಕಿಸೆಯಿಂದ ಇಪ್ಪತ್ತು ಚೀಟಿ ತೆಗೆದು ನನ್ನ ಕೈಗಿಟ್ಟ. "ಸಾಹೇಬ್ರು ಬರೋತನಕ ಮುಟ್ಟಬ್ಯಾಡ ಅಂದಿದ್ರಿ. ಬಂದ್ರಲ್ಲ!"

ತೊದಲುತ್ತ ಸಾಹೇಬರಿಗೆ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅವರು ಅಂಗೈಯಲ್ಲಿ ಉಳಿದ ಕಾಳನ್ನೊಮ್ಮೆ ನೋಡಿ, ಅದನ್ನೂ ಬಾಯಿಗೆ ಹಾಕಿಕೊಂಡು, ಹೊಟ್ಟೆ ಹಿಡಿದು ನಕ್ಕರು. "ಇನ್ನೊಂದು ವರ್ಷ ಹಣ ಕೊಡಿಸುತ್ತೇನೆ, ಮತ್ತೆ ಬಿತ್ತಿ. ಆದರೆ ಈ ವರ್ಷದ ತೂಕ ಎಷ್ಟೆಂದು ಬರೆಯಲಿ?"

ಅದನ್ನು ಕನ್ನಡದಲ್ಲಿ ಹೇಳಿದೆ. ರೈತ ಎಂದಿನಂತೆ ಹೆಂಡತಿಯ ಮುಖ ನೋಡಿದ.

"ಅದಕ್ಯಾಕ ಚಿಂತಿ ಮಾಡ್ತೀರಿ?" ಎಂದಳು ಆಕೆ. "ತೆನಿ ಎಲ್ಲೂ ಹೋಗಿಲ್ಲ, ಸಾಹೇಬ್ರ ಹೊಟ್ಟ್ಯಾಗ ಅದಾವ. ಸಿಂಧನೂರಾಗ ಲಾರಿ ತೂಗೋ ಕಾಟಾ ಅದ ಅಲ್ರಿ, ಅದರ ಮ್ಯಾಲ ನಿಲ್ಲಸ್ರಿ. ನೀವೂ ಹತ್ರಿ, ನೀವೇನು ಕಡಿಮಿ ತಿಂದಿಲ್ಲ!"