ಗೊಂಬೆ ಮೆಟ್ಟಿಲಿನ ಖಾಲಿ ಜಾಗ

ನನ್ನ ಹೆಂಡತಿ ಸುಧಾ ಚಾಂಪಿಯನ್. ಹೊಸಬರು ಸಿಕ್ಕರೆ ನನ್ನ ಹೆಸರಿಗಿಂತ ಮೊದಲು ಇದನ್ನೇ ಹೇಳುತ್ತೇನೆ. ಆಟದ ಹೆಸರು ಕರ್ಲಿಂಗ್. ಮಂಜುಗಡ್ಡೆಯ ನೆಲದ ಮೇಲೆ ಒಬ್ಬರು ಗುಂಡುಕಲ್ಲನ್ನು ಜಾರಿಬಿಡುತ್ತಾರೆ. ಇಬ್ಬರು ಅದರ ಮುಂದೆ ಬ್ರಷ್ಷಿನಿಂದ ಗುಡಿಸುತ್ತಾ ಓಡಿ, ದೂರದ ವೃತ್ತದ ನಡುವಿಗೆ ತಲುಪಿಸುತ್ತಾರೆ. ಮೈಸೂರಿನಲ್ಲಿ ಐಸನ್ನು ಕಬ್ಬಿನ ಹಾಲಿನಲ್ಲಷ್ಟೇ ಕಂಡಿದ್ದವಳು, ಕೋವಿಡ್ ಕಾಲದಲ್ಲಿ ನನ್ನ ಮುಖ ನೋಡಿ ನೋಡಿ ಸಾಕಾಗಿ ಈ ದೇಶದ ಷಾರ್ಲಟ್ ನಗರದ ಕರ್ಲಿಂಗ್ ಕ್ಲಬ್ ಸೇರಿದಳು. ತಂಡದ ನಾಯಕಿಯಾಗಿ ಸತತ ಎರಡು ಸಲ ಟೂರ್ನಿಯ ಕಪ್ಪು ಗೆದ್ದಳು!

ಮೂರನೆಯ ಸಲವೂ ಗೆದ್ದರೆ ಕಪ್ಪು ಶಾಶ್ವತವಾಗಿ ನಮ್ಮದು. ಪಕ್ಕದೂರು ಫೋರ್ಟ್ ಮಿಲ್‌ನ ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಮೆಟ್ಟಿಲು ಕಟ್ಟಿ, ಪಟ್ಟದ ಗೊಂಬೆಗಳ ಪಕ್ಕ ಕಪ್ಪಿಗೆ ಜಾಗ ಬಿಟ್ಟಿದ್ದಳು.

ಫೈನಲ್ ದಿನ ಗುಡಿಸುವವರಲ್ಲಿ ಒಬ್ಬರಿಗೆ ಜ್ವರ. ಹೆಸರಿಗಷ್ಟೇ ಬದಲಿ ಆಟಗಾರನಾಗಿದ್ದ ನಾನು ರಂಗಪ್ರವೇಶ ಮಾಡಿದೆ!

"ರೀ, ಸುಮ್ನೆ ಗುಡಿಸಿ. ಓಡೋ ಕಲ್ಲಿಗೆ ಬ್ರಷ್ಷು, ಕಾಲು ಏನೂ ತಾಗಬಾರ್ದು. ತಾಗಿದ್ರೆ ಕಲ್ಲು ಔಟ್. ಅಂಪೈರ್ ಇರಲ್ಲ, ನಾವೇ ಒಪ್ಕೋಬೇಕು."

"ಇಷ್ಟೇನಾ? ಡೋಂಟ್ ವರಿ!"

ಕೊನೆಯ ಕಲ್ಲನ್ನು ಸುಧಾ ಬಿಟ್ಟಳು. ಅದು ನಡುವಿಗೆ ತಲುಪಿದರೆ ಗೆಲುವು, ಇಲ್ಲದಿದ್ದರೆ ಸೋಲು. ಗುಡಿಸುತ್ತಾ ಓಡಿದೆ. ನಡುದಾರಿಯಲ್ಲಿ ನನ್ನ ಬೂಟಿನ ತುದಿ ಕಲ್ಲನ್ನು ಸವರಿತು. ಯಾರೂ ನೋಡಲಿಲ್ಲ. ಕಲ್ಲು ವೃತ್ತದ ನಟ್ಟನಡುವೆ ನಿಂತಿತು. ಗೆದ್ದೆವು! ಪ್ರೇಕ್ಷಕರ ಗಾಜಿನಾಚೆ ಮಗಳು ಕುಣಿಯತೊಡಗಿದಳು. ಹೆಂಡತಿಯ ಕಪ್ಪಿಗಾಗಿ ಬಾಯಿ ಬಿಡಬಾರದೆಂದು ತೀರ್ಮಾನಿಸಿದೆ. ಬಾಯಿ ಬಿಡಲೂ ಇಲ್ಲ.

ಆದರೆ ಕೈ ಕೇಳಬೇಕಲ್ಲ! ಕಾಲು ತಾಗಿದ್ದಕ್ಕೆಲ್ಲ ನಮಸ್ಕರಿಸುವ ಬಾಲ್ಯದ ಅಭ್ಯಾಸ. ಎಲ್ಲರೆದುರು ಬಗ್ಗಿ, ಕಲ್ಲನ್ನು ಮುಟ್ಟಿ, ಭಕ್ತಿಯಿಂದ ಕಣ್ಣಿಗೊತ್ತಿಕೊಂಡೆ.

ಅಟ್ಲಾಂಟಾದ ಎದುರಾಳಿಗಳು ಬೆರಗಾಗಿ ನೋಡಿದರು. ಸುಧಾಳ ನಗು ಮಾತ್ರ ನಿಂತೇಹೋಯಿತು.

"ಕಾಲು ತಾಗಿಸಿದ್ರಾ?"

"ಸ್ವಲ್ಪ... ತುದಿ ಅಷ್ಟೇ."

ಅವಳು ಎದುರಾಳಿಗಳಿಗೆ ವಿಷಯ ಹೇಳಿ, ತನ್ನ ಕಲ್ಲನ್ನು ತಾನೇ ಹೊರಗೆ ತಳ್ಳಿದಳು. ಕಪ್ಪು ಅಟ್ಲಾಂಟಾಕ್ಕೆ ಹೋಯಿತು. ಅವರ ನಾಯಕ ನನ್ನ ಕೈ ಕುಲುಕಿ, ಇಂಥ ಪ್ರಾಮಾಣಿಕನನ್ನು ಕಂಡೇ ಇಲ್ಲ ಎಂದ. ನನಗೆ ಅಳು ಬಂತು. ಅವನು ಅದನ್ನೂ ವಿನಯವೆಂದುಕೊಂಡ!

ನವರಾತ್ರಿಯಲ್ಲಿ ಮಗಳು ಮೇಲಿನ ಮೆಟ್ಟಿಲು ತೋರಿಸಿದಳು. "ಅಮ್ಮಾ, ಆ ಸ್ಪಾಟ್ ಎಂಪ್ಟಿ ಇದೆ. ಅಪ್ಪನ್ನ ಕೂರ್ಸೋಣ?"

"ಬೇಡ ಪುಟ್ಟಿ," ಎಂದಳು ಸುಧಾ. "ಗೊಂಬೆಗಳಿಗೆಲ್ಲ ಕಾಲು ತಾಗಿಸಿ, ಒಂದೊಂದಕ್ಕೂ ನಮಸ್ಕಾರ ಮಾಡ್ತಾ ಕೂತ್ಕೋತಾರೆ."